ಬಕೆಟ್ಟಿಗೆ ಎರಡು ಬಡಿತ

“ಎಡಕ್ಕೆ, ಇನ್ನೊಂದು ಚೂರು ಎಡಕ್ಕೆ. ನನ್ನ ಎಡ ಅಲ್ಲಪ್ಪ, ನಿನ್ನ ಎಡ” ಎಂದು ಮೇಲಿನ ಮೆಟ್ಟಿಲಿನಿಂದ ಸತ್ತವನ ಭಾವಮೈದುನ ಹೇಳುತ್ತಿದ್ದ. ಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು, ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ ನಿಂತಿತ್ತು. ಕೆಳತುದಿಗೆ ಹೆಗಲು ಕೊಟ್ಟಿದ್ದವನು ಎಡಚ. ಪೆಟ್ಟಿಗೆಯ ಮೂಲೆ ಗೋಡೆಯ ಸುಣ್ಣವನ್ನು ಕೆರೆದು ಅವನ ಅಂಗಿಯ ಕಾಲರಿನೊಳಗೆ ಉದುರಿಸುತ್ತಿತ್ತು. ಇಪ್ಪತ್ತೆರಡು ವರ್ಷ ಮೂವತ್ತು ನಲವತ್ತು ಅಂತಸ್ತಿನ ಕಟ್ಟಡಗಳಿಂದ ಹಗ್ಗ ಹಿಡಿದು ಇಳಿದ ಮನುಷ್ಯನನ್ನು ಮೂರನೇ ಮಹಡಿಯ ಮನೆಯಿಂದ ನೆಲಕ್ಕೆ ಇಳಿಸಲು ಆರು ಜನ ಏದುಸಿರು ಬಿಡುತ್ತಿದ್ದರು. ಅವನೇ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಡಚನಿಗೆ ನಗು ಬರುವ ಹಾಗಿರಲಿಲ್ಲ. ಆ ಮನುಷ್ಯ ಹಗ್ಗದಿಂದ ಬಿದ್ದು ಇಂದಿಗೆ ಮೂರು ದಿನ.

ಆಸ್ಪತ್ರೆಯವರು ಬೆಳಿಗ್ಗೆ ಪೆಟ್ಟಿಗೆ ಕೊಟ್ಟಾಗಲೇ, ನೇರ ಸ್ಮಶಾನಕ್ಕೆ ಒಯ್ಯುವುದು ಒಳ್ಳೆಯದು, ಮುಚ್ಚಳ ಮಾತ್ರ ತೆರೆಯಬೇಡಿ ಎಂದಿದ್ದರು. ಹೆಂಡತಿ ಒಪ್ಪಲಿಲ್ಲ. ಮುಖ ನೋಡುವ ಹಾಗಿಲ್ಲದಿದ್ದರೆ ಬೇಡ, ಮನೆಗೆ ಬಂದಾದರೂ ಹೋಗಲಿ ಎಂದಳು. ಹೀಗಾಗಿ ಹತ್ತಿಸಿದ್ದು, ಎರಡು ಗಂಟೆ ಅವಳ ಹೊಲಿಗೆ ಯಂತ್ರದ ಪಕ್ಕ ಇಟ್ಟಿದ್ದು, ಈಗ ಇಳಿಸುತ್ತಿರುವುದು.

ಕೆಲಸದವರೆಲ್ಲ ಸತ್ತವನನ್ನು ಗಾಜಣ್ಣ ಎಂದು ಕರೆಯುತ್ತಿದ್ದರು. ಎತ್ತರದ ಕಟ್ಟಡಗಳ ಹೊರಗಾಜು ತೊಳೆಯುವುದು ಅವನ ಕೆಲಸ. ಹಿರಿಯನಿಗೆ ಸಲ್ಲುವ ಬಲಹಗ್ಗ ಅವನದು. ಎಡಹಗ್ಗದಲ್ಲಿ ಒಂಬತ್ತು ವರ್ಷ ಅವನ ಜೊತೆ ಇಳಿದವನು ಎಡಚ. ಎಡಗೈಯಲ್ಲೇ ಕೆಲಸ ಮಾಡುವವನಾದ್ದರಿಂದ ಆ ಹೆಸರನ್ನು ಇಟ್ಟವನೂ ಗಾಜಣ್ಣನೇ.

ಅಂತೂ ಪೆಟ್ಟಿಗೆ ಅಂಗಳ ಮುಟ್ಟಿತು. ಅಕ್ಕಪಕ್ಕದವರು ತಮ್ಮ ಗಾಡಿಗಳನ್ನು ಸರಿಸಿ, ಪೆಟ್ಟಿಗೆಗೆ ಎರಡು ಬೆಂಚು ಜೋಡಿಸಿ, ಕೂರುವವರಿಗೆ ಇನ್ನೆರಡು ಹಾಕಿದ್ದರು. ಸ್ಮಶಾನದ ಗಾಡಿ ಹನ್ನೊಂದಕ್ಕೆ ಬರಬೇಕು. ಈಗ ಹತ್ತೂವರೆ. ಗೇಟಿನ ಹತ್ತಿರ ಕಂಪನಿಯ ಸೂಪರ್‌ವೈಸರ್ ಪ್ಲಾಸ್ಟಿಕ್ ಫೈಲು ಹಿಡಿದು ನಿಂತಿದ್ದ. ಎಡಚ ಹೆಗಲು ಕೊಡವಿಕೊಳ್ಳುತ್ತಿದ್ದಂತೆ ಕಣ್ಣಲ್ಲೇ ಕರೆದ.

ಸೂಪರ್‌ವೈಸರ್ ಕೆಟ್ಟವನಲ್ಲ. ಹೂವಿನ ಹಾರ ತಂದಿದ್ದ, ಮೇಲೆ ಹೋಗಿ ಕಣ್ಣೀರೂ ಹಾಕಿದ್ದ. ಆದರೆ ಫೈಲಿನಲ್ಲಿ ಒಂದು ಕಾಗದವಿತ್ತು. ಅಂದು ಹಗ್ಗದ ಮೇಲಿದ್ದವರು ಇಬ್ಬರೇ; ಒಬ್ಬ ಹೋದ, ಇನ್ನೊಬ್ಬನ ಸಹಿ ಮಧ್ಯಾಹ್ನದೊಳಗೆ ಬೇಕು ಎಂದು ಮೇಲಿನವರು ಪಟ್ಟು ಹಿಡಿದಿದ್ದರಂತೆ. ಬರೆದದ್ದು ಹೆಚ್ಚೇನಿಲ್ಲ. ಮೃತನಿಗೆ ಕೆಲಸದ ನಡುವೆ ಅತ್ತಿತ್ತ ನೋಡುತ್ತ ಮೈಮರೆಯುವ ಅಭ್ಯಾಸವಿತ್ತು, ಅಂದೂ ಹಾಗೇ ಮೈಮರೆತು ಎರಡನೇ ಹಗ್ಗದ ಕೊಕ್ಕೆ ಹಾಕಲಿಲ್ಲ, ಇಷ್ಟೇ. ಮೊದಲ ಹಗ್ಗ ಏಕೆ ಹರಿಯಿತು ಎಂಬ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬೀಳುವ ಮುಂಚೆ ಬಕೆಟ್ಟಿಗೆ ಎರಡು ಬಾರಿ ಬಡಿದ ಸದ್ದನ್ನು ಕೆಳಗಿದ್ದ ಕಾವಲುಗಾರ ಕೇಳಿದ್ದಾನೆ, ಆ ಬಡಿತ ಯಾರದು ಎಂದು ಇಡೀ ಕಂಪನಿಗೇ ಗೊತ್ತು ಎಂದು ಸೂಪರ್‌ವೈಸರ್ ನಿಟ್ಟುಸಿರು ಬಿಟ್ಟ.

“ಹೋದೋರಿಗೆ ಇನ್ನೇನೂ ಆಗಲ್ಲ ಕಣೋ. ಇರೋರು ಬದುಕಬೇಕು” ಎಂದ. “ಸೋಮವಾರದಿಂದ ಹೊಸ ಕಟ್ಟಡ. ಬಲಹಗ್ಗ ನಿಂಗೇ ಅಂತ ಹೇಳಿದೀನಿ.”

ಪೆನ್ನು ಮುಂದೆ ಬಂತು. ಎಡಚ ಕೈ ಒರೆಸಿಕೊಂಡ, ಆದರೆ ಕೈ ಚಾಚಲಿಲ್ಲ. ಪೆಟ್ಟಿಗೆ ಹೊರಡಲಿ ಸಾರ್ ಎಂದ. ಗಾಡಿ ಬರುವುದರೊಳಗೆ ಆಗಬೇಕು ಎಂದು ಸೂಪರ್‌ವೈಸರ್ ಗಡಿಯಾರ ನೋಡಿಕೊಂಡ.

*

ಹಗ್ಗದ ಕೆಲಸಕ್ಕೆ ಅದರದೇ ಶಿಸ್ತುಂಟು. ಒಬ್ಬೊಬ್ಬನಿಗೆ ಎರಡೆರಡು ಹಗ್ಗ. ಒಂದರಲ್ಲಿ ಕೂರುವ ಹಲಗೆ ತೂಗುತ್ತದೆ. ಅದು ಕೈಕೊಟ್ಟರೆ ಹಿಡಿಯಲು ಎರಡನೆಯದು. ಒಂದೊಂದು ಸಲ ಕೆಳಗಿಳಿದಾಗಲೂ ಎರಡನೇ ಹಗ್ಗದ ಕೊಕ್ಕೆ ಬಿಚ್ಚಿ, ಕೆಳಕ್ಕೆ ಸರಿಸಿ, ಮತ್ತೆ ಹಾಕಬೇಕು. ಎರಡು ಉಸಿರಿನ ಕೆಲಸ. ಆ ಎರಡು ಉಸಿರಿನಲ್ಲಿ ಪಕ್ಕದವನು ಮಾತಾಡುವಂತಿಲ್ಲ, ಕೆಮ್ಮುವಂತೆಯೂ ಇಲ್ಲ. ಕೊಕ್ಕೆ ‘ಟಕ್’ ಎಂದು ಕೂತ ಮೇಲೆಯೇ ಉಳಿದದ್ದು.

ಆ ‘ಟಕ್’ ಕೇಳಿದ ಮೇಲೆಯೇ ಗಾಜಣ್ಣ ವೈಪರಿನ ಹಿಡಿಯಿಂದ ಬಕೆಟ್ಟಿಗೆ ಎರಡು ಸಲ ಬಡಿಯುತ್ತಿದ್ದ. ನೋಡು ಎಂದು ಅರ್ಥ. ದಿನಕ್ಕೆ ಒಮ್ಮೆಯೋ ಎರಡು ಸಲವೋ, ಹೆಚ್ಚಿಲ್ಲ. ಧೂಳು ಹಿಡಿದ ಗಾಜಿನ ಮೇಲೆ ನೀರಿನ ಎಳೆಯೊಂದು ಇಳಿಯುತ್ತ ಎರಡಾಗಿ, ನಾಲ್ಕಾಗಿ ಒಡೆದದ್ದು. ಬೆಳಿಗ್ಗೆ ಖಾಲಿ ಕಚೇರಿಯಲ್ಲಿ ಸಾಲು ಕುರ್ಚಿಗಳೆಲ್ಲ ಒಂದೇ ಕಡೆಗೆ ತಿರುಗಿ ನಿಂತದ್ದು. ಫೋನಿನಲ್ಲಿ ಯಾರ ಹತ್ತಿರವೋ ಬೈಸಿಕೊಳ್ಳುತ್ತ ಗುಮಾಸ್ತನೊಬ್ಬ ಕಾಗದದ ಅಂಚಿನಲ್ಲಿ ಒಂದೊಂದೇ ಎಲೆ ಬರೆದು ಬಳ್ಳಿ ಹಬ್ಬಿಸುತ್ತಿದ್ದದ್ದು. ಇಂಥವೇ. ಒಳಗಿದ್ದವರಿಗೆ ಅದನ್ನು ನೋಡಲು ಪುರುಸೊತ್ತಿಲ್ಲ, ನೆಲದ ಮೇಲಿದ್ದವರಿಗೆ ಕಾಣುವುದಿಲ್ಲ, ನಾವೂ ನೋಡದಿದ್ದರೆ ಅದು ದಂಡವಾಗಿ ಹೋಗುತ್ತದಲ್ಲ ಎನ್ನುವುದು ಅವನ ವಾದ.

ಎಡಚ ತಲೆ ಎತ್ತುತ್ತಲೇ ಇರಲಿಲ್ಲ. ಅವನಿಗೆ ಎಣಿಕೆಯ ಕೆಲಸ, ಸಂಜೆಯೊಳಗೆ ಇಷ್ಟು ಗಾಜು. ಹೂಂ ಅಣ್ಣ, ನೋಡ್ದೆ ಎಂದು ಒರೆಸುತ್ತಲೇ ಇರುತ್ತಿದ್ದ.

“ಬಾಯಲ್ಲಿ ನೋಡ್ದೆ ನೀನು” ಎನ್ನುತ್ತಿದ್ದ ಗಾಜಣ್ಣ. ಒಂದು ದಿನವೂ ಸಿಟ್ಟು ಮಾಡಿಕೊಂಡವನಲ್ಲ, ಮರುದಿನ ಬಡಿಯುವುದನ್ನು ಬಿಟ್ಟವನೂ ಅಲ್ಲ.

*

“ಇಲ್ಲಿ ಬಾ ತಮ್ಮ, ಕೂತ್ಕೋ” ಎಂದು ಗಾಜಣ್ಣನ ಹೆಂಡತಿ ಎಡಚನನ್ನು ಕರೆದಳು. ಪೆಟ್ಟಿಗೆಯ ತಲೆಯ ಕಡೆಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಅವಳು ಮನೆಯಲ್ಲೇ ಅಂಗಿಯ ಕಾಲರು ಹೊಲಿಯುವವಳು. ಬೆಳಗಿನಿಂದ ಸಂಜೆಯವರೆಗೆ ಯಂತ್ರ ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಇವತ್ತು ಏನೂ ಇಲ್ಲದ ಬೆರಳುಗಳು ಸೆರಗಿನ ಅಂಚನ್ನೇ ಮಡಿಸಿ ಬಿಡಿಸಿ ಮಾಡುತ್ತಿದ್ದವು.

ಎಡಚ ಕುಳಿತ. ಅವಳು ದನಿ ಇಳಿಸಿ ಹೇಳತೊಡಗಿದಳು. ಅವತ್ತು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟವನು ಬಾಗಿಲಲ್ಲೇ ನಿಂತು ಅವಳನ್ನು ಕರೆದಿದ್ದ. ಕತ್ತರಿಸಿ ಬಿದ್ದ ದಾರದ ಚೂರುಗಳು ಫ್ಯಾನಿನ ಗಾಳಿಗೆ ನೆಲದ ಮೇಲೆ ಸುತ್ತಿ ಸುತ್ತಿ ಒಂದು ಗೂಡಿನ ಹಾಗೆ ಕೂತಿವೆ, ಬಂದು ನೋಡು ಎಂದು. ಹನ್ನೊಂದಕ್ಕೆ ನಲವತ್ತು ಕಾಲರು ಕೊಡಬೇಕಿತ್ತು. ಅವಳು ಎದ್ದು ಬಂದಳು, ಆದರೆ ಕೈಯಲ್ಲಿ ಪೊರಕೆ ಹಿಡಿದು ಬಂದಳು.

“ಗುಡಿಸಿ ಹಾಕ್ದೆ. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ನಿಮ್ಮ ಈ ನೋಡೋ ಚಟ ಒಂದಿನ ನಿಮ್ಮನ್ನೇ ತಿನ್ನುತ್ತೆ ಅಂತ” ಎಂದಳು. ಸೆರಗಿನ ಅಂಚು ಬೆರಳಲ್ಲಿ ಬಿಗಿಯಾಯಿತು. “ನಾನಂದ ಹಾಗೇ ಆಯ್ತಲ್ಲೋ. ಬಡಿದಿದ್ದು ಅವರೇ ತಾನೆ? ಕಾವಲಿನವನು ಅವನ ಕಿವಿಯಾರೆ ಕೇಳಿದಾನಂತೆ.”

ಭಾವಮೈದುನ ಹಿಂದೆಯೇ ನಿಂತಿದ್ದ. ಆಗಿದ್ದಾಗಿಹೋಯಿತು, ಆ ಕಾಗದಕ್ಕೊಂದು ಗೀಟು ಹಾಕಿ ಆ ಮನುಷ್ಯನನ್ನು ಕಳಿಸು, ಅವನು ಗೇಟಿನಲ್ಲಿ ನಿಂತಿರುವುದನ್ನು ನೋಡಲಾಗುತ್ತಿಲ್ಲ ಎಂದು ಎಡಚನ ಭುಜ ತಟ್ಟಿದ. ಸೂಪರ್‌ವೈಸರ್ ನಾಲ್ಕು ಹೆಜ್ಜೆ ಹತ್ತಿರ ಬಂದ. ಬೀದಿಯ ತಿರುವಿನಲ್ಲಿ ಸ್ಮಶಾನದ ಗಾಡಿ ಕಾಣಿಸಿಕೊಂಡಿತು.

ಹೂಂ ಎಂದರೆ ಮುಗಿಯಿತು. ಒಂಬತ್ತು ವರ್ಷ ಅಂದ ಹಾಗೆಯೇ ಇನ್ನೊಂದು ಹೂಂ.

*

ಅವತ್ತು ಹದಿನಾಲ್ಕನೇ ಅಂತಸ್ತು. ಗಾಜಿನ ಆಚೆ ಉದ್ದನೆಯ ಮೇಜು, ಸುತ್ತ ಕೂತವರು ಹನ್ನೊಂದು ಜನ. ಇನ್ನೊಬ್ಬ ನಿಂತುಕೊಂಡು ಎಲ್ಲರ ಬೆವರಿಳಿಸುತ್ತಿದ್ದ. ಮಾತು ಕೇಳದಿದ್ದರೂ ಅವನ ಕತ್ತಿನ ನರ ನೋಡಿದರೆ ಸಾಕಿತ್ತು. ಎಡಚ ಬೇಗ ಮುಗಿಸಿ ಒಂದಾಳುದ್ದ ಕೆಳಗಿಳಿದ, ಕೊಕ್ಕೆ ಸರಿಸಿ ಹಾಕಿಕೊಂಡ. ಅವನ ಕಣ್ಣು ಮೇಜಿನ ಕೆಳಗಿನ ಮಟ್ಟಕ್ಕೆ ಬಂತು.

ಮೇಜಿನ ಕೆಳಗೆ ಇಪ್ಪತ್ತೆರಡು ಕಾಲುಗಳು. ಇಪ್ಪತ್ತು ಕಾಲು ಶೂ ಹಾಕಿಕೊಂಡು ಕದಲದೆ ಕೂತಿದ್ದವು. ಗಾಜಿನ ಪಕ್ಕದ ಹೆಂಗಸೊಬ್ಬಳು ಮಾತ್ರ ಚಪ್ಪಲಿ ಬಿಟ್ಟು, ಬರಿಗಾಲ ಬೆರಳುಗಳಲ್ಲಿ ಕುಣಿಯುತ್ತಿದ್ದಳು. ತಾಳ ತಪ್ಪದೆ, ಹೆಜ್ಜೆ ತಪ್ಪದೆ, ಒಂದು ಕಾಲು ಕೇಳಿದ್ದಕ್ಕೆ ಇನ್ನೊಂದು ಕಾಲು ಉತ್ತರ ಕೊಡುತ್ತಿತ್ತು. ಮೇಜಿನ ಮೇಲೆ ಅವಳ ಮುಖ ಎಲ್ಲರ ಮುಖದಂತೆಯೇ ತಗ್ಗಿತ್ತು. ಅವಳು ಬರೆದುಕೊಳ್ಳುತ್ತಲೂ ಇದ್ದಳು.

ಎಡಚನ ಕೈ ಗಾಜಿನ ಮೇಲೆ ನಿಂತುಹೋಯಿತು. ಇದನ್ನು ಅಣ್ಣನಿಗೆ ತೋರಿಸಬೇಕು, ಅವಳು ನಿಲ್ಲಿಸುವ ಮೊದಲೇ ತೋರಿಸಬೇಕು ಎನ್ನುವುದೊಂದೇ ತಲೆಯಲ್ಲಿದ್ದದ್ದು. ಗಾಜಣ್ಣನ ಹಲಗೆ ಪಕ್ಕಕ್ಕೆ ಇಳಿದು ಬಂದದ್ದು ಕಂಡಿತು. ಕೊಕ್ಕೆ ಕೂತ ಸದ್ದಿಗೆ ಎಡಚ ಕಾಯಲಿಲ್ಲ. ಎಂದೂ ಬಡಿದವನಲ್ಲ, ಕಾಯುವುದು ರೂಢಿಯಲ್ಲಿರಲಿಲ್ಲ. ವೈಪರು ತಿರುಗಿಸಿ ಹಿಡಿದು ತನ್ನ ಬಕೆಟ್ಟಿಗೆ ಎರಡು ಸಲ ಬಡಿದ.

ಗಾಜಣ್ಣ ಬಿಚ್ಚಿದ ಕೊಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿದ. ಮೇಲೆ ತಾರಸಿ ಕಟ್ಟೆಯ ಅಂಚಿನಲ್ಲಿ, ಬದಲಿಸಿ ಎಂದು ಎರಡು ತಿಂಗಳಿಂದ ಅವನೇ ಹೇಳುತ್ತಿದ್ದ ಹಳೆಯ ಹಗ್ಗ ಹರಿಯಿತು.

*

“ಬಡಿದಿದ್ದು ನಾನು ಅತ್ತಿಗೆ” ಎಂದ ಎಡಚ.

ಅವನೆಂದುಕೊಂಡದ್ದಕ್ಕಿಂತ ಮಾತು ಗಟ್ಟಿಯಾಗಿ ಬಂದಿತ್ತು. ಇನ್ನು ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಮೇಜಿನ ಕೆಳಗಿನ ಆ ಹೆಂಗಸಿನ ಕುಣಿತ, ಕೊಕ್ಕೆ ಬಿಚ್ಚಿದ ಹೊತ್ತು, ತಾನು ಕಾಯದೆ ಇದ್ದದ್ದು, ಅಣ್ಣ ಒಂಬತ್ತು ವರ್ಷದಲ್ಲಿ ಒಂದು ಸಲವೂ ಆ ಹೊತ್ತಿನಲ್ಲಿ ಬಡಿದವನಲ್ಲ ಎನ್ನುವುದು, ಎಲ್ಲ.

ಭಾವಮೈದುನ ಅವನ ಅಂಗಿ ಹಿಡಿದು ಮೇಲಕ್ಕೆಬ್ಬಿಸಿದ. ಗುಂಡಿಯೊಂದು ಕಿತ್ತು ಪೆಟ್ಟಿಗೆಯ ಮೇಲೆ ಬಿದ್ದು ಉರುಳಿತು. ಎಡಚ ಕೈ ಎತ್ತಲಿಲ್ಲ, ಹೊಡೆದರೆ ಹೊಡೆಯಲಿ, ಅದರಿಂದ ಸಮಾಧಾನವಾಗುತ್ತದೆ ಎಂದೇ ಅವನಿಗೆ ಅನಿಸಿತು. ಸೂಪರ್‌ವೈಸರ್ ನಡುವೆ ಬಂದು, ಏನು ಹೇಳುತ್ತಿದ್ದೀಯ ಎಂದು ಯೋಚಿಸು, ಹೀಗೆ ಹೇಳಿದರೆ ನಾನು ಹೀಗೇ ಬರೆಯಬೇಕಾಗುತ್ತದೆ, ಮತ್ತೆ ಯಾವ ಕಂಪನಿಯೂ ನಿನ್ನನ್ನು ಹಗ್ಗಕ್ಕೆ ಹತ್ತಿಸುವುದಿಲ್ಲ ಎಂದ.

“ಬರೀರಿ ಸಾರ್” ಎಂದ ಎಡಚ. “ಹಗ್ಗ ಎಷ್ಟು ಹಳೇದು ಅನ್ನೋದನ್ನೂ ಬರೀರಿ. ಅದಕ್ಕೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ.”

“ಬಿಡು ಅವನನ್ನ” ಎಂದಳು ಹೆಂಡತಿ, ತನ್ನ ಅಣ್ಣನ ಕಡೆ ತಿರುಗದೆಯೇ. ಅವನು ಬಿಡಲಿಲ್ಲ. ಅವಳು ಎದ್ದು ನಿಂತು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಎಡಚನ ಎದುರು ನಿಂತು ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ. ಶಾಪ ಹಾಕುತ್ತಾಳೆ ಎಂದು ಕಾದ.

“ಅವರು ನೋಡಿದ್ರಾ ಅದನ್ನ?” ಎಂದು ಕೇಳಿದಳು.

“ನೋಡಿದ್ರು ಅತ್ತಿಗೆ.”

“ನಿಜ ಹೇಳು.”

“ನಿಮ್ಮಾಣೆ. ಮೊದಲು ಅವಳ ಕಾಲು ನೋಡಿದ್ರು, ಆಮೇಲೆ ನನ್ನ ನೋಡಿದ್ರು. ಮುಖ ತುಂಬ ನಗು. ‘ಅಂತೂ ನೋಡ್ದೆಯಲ್ಲೋ’ ಅಂದ್ರು.” ಅವನಿಗೆ ಅಷ್ಟೇ ಹೇಳಲಾಯಿತು. ಉಳಿದದ್ದು ಅಳುವಿನಲ್ಲಿ ಹೋಯಿತು.

ಅವಳು ಮುಚ್ಚಿದ ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಮೂರು ದಿನದಲ್ಲಿ ಮೊದಲ ಬಾರಿ ಬೆಂಚಿಗೆ ಬೆನ್ನು ಕೊಟ್ಟು ಕುಳಿತಳು. ಎಡಚನಿಗೂ ಎದುರಿನ ಬೆಂಚು ತೋರಿಸಿದಳು.

“ಹೇಗೆ ಕುಣೀತಿದ್ದಳು ಅವಳು?”

ಹೇಳಲು ಹೋದ. ಬೆರಳು, ಹಿಮ್ಮಡಿ, ಹೀಗೆ ಹಾಗೆ ಎಂದು ತಡವರಿಸಿದ.

“ಮಾಡಿ ತೋರಿಸು” ಎಂದಳು.

ಎಡಚ ಸುತ್ತ ನೋಡಿದ. ಅಕ್ಕಪಕ್ಕದವರು, ಭಾವಮೈದುನ, ಫೈಲು ಹಿಡಿದ ಸೂಪರ್‌ವೈಸರ್, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಬಗ್ಗಿ ಶೂಗಳ ದಾರ ಬಿಚ್ಚಿದ, ಕಾಲುಚೀಲ ಎಳೆದು ಪಕ್ಕಕ್ಕಿಟ್ಟ. ಉಗುರು ಒಡೆದ, ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾಗಿದ್ದ ಒರಟು ಕಾಲುಗಳು. ಮೊದಲು ಬಲಗಾಲ ಹೆಬ್ಬೆರಳು ನೆಲ ಮುಟ್ಟಿತು, ಆಮೇಲೆ ಎಡದ್ದು. ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದ.

ಗೇಟಿನ ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಹೊತ್ತಾಯಿತು ಎಂದು ಯಾರೋ ಹೇಳಿದರು. ಅವಳು ಆ ಕಾಲುಗಳಿಂದ ಕಣ್ಣು ಕೀಳದೆ, ಸ್ವಲ್ಪ ಇರಿ ಎಂದು ಗಾಡಿಯ ಕಡೆಗೆ ಒಂದು ಕೈ ಎತ್ತಿದಳು.