ಮರದ ಸಂದಿಗೊಂದು ಸ್ಕೀ

ಶಟರಿನ ಕೆಳಗೆ ಒಂದು ಗೇಣು ಸಂದು, ಅಲ್ಲಿಂದ ಬಿಸಿಲು ನುಗ್ಗಿ ನೆಲದ ಮೇಲೆ ಬಿಳಿ ಪಟ್ಟಿಯಾಗಿ ಬಿದ್ದಿದೆ, ಹಿಮವೇ ಅನ್ನುವಷ್ಟು ಬಿಳಿ, ಹೊರಗೆ ದುಬೈಯ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಯಾರೋ ಕಾರಿನ ಬಾಗಿಲನ್ನು ಸುತ್ತಿಗೆಯಲ್ಲಿ ಬಡಿಯುತ್ತಿದ್ದಾರೆ, ಒಳಗೆ ಕರಗಿದ ಮೇಣದ ವಾಸನೆ, ಸ್ಕೀಯ ಅಡಿಗೆ ಸವರುವ ಮೇಣ, ಮಾಲ್‌ನೊಳಗಿನ ಹಿಮದ ಗುಡ್ಡದಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಯಶ್ಮಿತಾಳ ಬಟ್ಟೆಗೆ ಅಂಟಿಕೊಂಡ ವಾಸನೆ, ಎಷ್ಟು ಒಗೆದರೂ ಹೋಗದ್ದು. ಮೇಜಿನ ವೈಸಿನಲ್ಲಿ ಉದ್ದನೆಯ ಕಪ್ಪು ಸ್ಕೀ ಕಚ್ಚಿಕೊಂಡು ಕೂತಿದೆ, ಅದರ ಮೇಲೆ ಅವಳ ಬೂಟು, ಬೂಟಿನ ಸುತ್ತ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿರುವ ಲಿಡ್ವಿನ್ ಅಣ್ಣ, ಮಂಗಳೂರಿನವನು, ಗುಡ್ಡದ ಸ್ಕೀಗಳೆಲ್ಲ ರಿಪೇರಿಗೆ ಬರುವುದು ಇವನ ಕೈಗೇ — ಇದು ನಂದೇ ಮಾರಾಯ್ತಿ, ನಾನು ಕಲ್ತದ್ದು ಇದರಲ್ಲೇ, ಈಗ ನನ್ನ ಮೊಣಕಾಲು ಖಲಾಸ್, ನಿಂಗೆ ಇರ್ಲಿ, ಒಳಗೆ ಲೋಹದ ಹಾಳೆ ಉಂಟು, ಎಷ್ಟು ಸ್ಪೀಡಲ್ಲಿ ಹೋದ್ರೂ ಅಲುಗಾಡುದಿಲ್ಲ, ಆವಾ? ಅವಳು ಅಂದಳು, ಆವು.

ಆವು. ತುಳುವಿನಲ್ಲಿ ಅದಕ್ಕೆ ಎಷ್ಟು ಅರ್ಥ, ಆಗಲಿ ಅಂತಲೂ ಹೌದು, ನೀವು ಹೇಳಿದ್ದು ಕಿವಿಗೆ ಬಿತ್ತು ಅಂತಲೂ ಹೌದು, ಇನ್ನು ಸಾಕು ನಿಲ್ಲಿಸಿ ಅಂತಲೂ ಹೌದು, ಅವಳು ಅಂದದ್ದು ಎರಡನೆಯದು, ಲಿಡ್ವಿನ್ ಅಣ್ಣ ಕೇಳಿಸಿಕೊಂಡದ್ದು ಮೊದಲನೆಯದು, ಮನೆಯಲ್ಲಿ ಕೊಂಕಣಿ ಮಾತಾಡುವವನಾದರೂ ತುಳು ಅವನಿಗೆ ನೀರು ಕುಡಿದಷ್ಟು ಸಲೀಸು, ಅದೇ ತೊಂದರೆ, ತುಳು ಬಾರದವನಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದ. ಈಗ ಅವನು ಡ್ರಿಲ್ಲಿಗೆ ಬಿಟ್ ಸಿಕ್ಕಿಸುತ್ತಿದ್ದಾನೆ. ಕಪ್ಪು ಸ್ಕೀಯಲ್ಲಿ ಹಳೆಯ ತೂತುಗಳಿವೆ, ಬೂಟನ್ನು ಕಚ್ಚಿ ಹಿಡಿಯುವ ಹಳೆಯ ಬೈಂಡಿಂಗಿನವು, ಹೊಸ ತೂತು ಕೊರೆದು ಅವಳ ಬೂಟಿಗೆ ಬೈಂಡಿಂಗ್ ಕೂರಿಸಿದ ಮೇಲೆ ಅದು ಅವಳದ್ದು, ಬೇಡ ಅನ್ನುವ ಹಾಗಿಲ್ಲ, ಜನವರಿಯಲ್ಲಿ ಸ್ಟಾಫಿನ ತರಬೇತಿಗೆ ಹೋಗುವ ಜಾರ್ಜಿಯಾದ ಬಕುರಿಯಾನಿಯ ಮರಗಳ ನಡುವೆ ಅದನ್ನೇ ತೊಟ್ಟು ಇಳಿಯಬೇಕು — ಮರಗಳು, ನಿಜವಾದವು, ಮಾಲ್‌ನಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ಕಿನವಲ್ಲ. ಹೆಡ್ ಕೋಚ್ ಹೇಳಿದ್ದು ನೆನಪಿದೆ, ಮರಗಳ ನಡುವೆ ಹಿಡಿತ ತಪ್ಪದೆ ಇಳಿದವರು ಬಂದ ಮೇಲೆ ಮಕ್ಕಳಿಗೆ ಕಲಿಸುವ ಕೆಲಸಕ್ಕೆ, ಉಳಿದವರು ಮತ್ತೆ ಬೂಟಿನ ಕೌಂಟರಿಗೆ. ಬೂಟಿನ ಕೌಂಟರು ಅಂದರೆ ಬಂದವರ ಕಾಲ ಬುಡದಲ್ಲಿ ಮಂಡಿಯೂರಿ ಬಕಲ್ ಬಿಗಿಯುವುದು, ಯಲ್ಲಾ ಯಲ್ಲಾ, ಬೇಗ ಬೇಗ ಅನ್ನಿಸಿಕೊಳ್ಳುವುದು, ತಲೆ ಎತ್ತದಿರುವುದು. ಆದರೆ ತಲೆ ಎತ್ತದೆಯೂ ಅವಳು ನೋಡಿದ್ದಾಳೆ, ಯಾರ ಮಂಡಿ ಯಾವಾಗ ಬಾಗುತ್ತದೆ, ಯಾರ ಸ್ಕೀಯ ಬಾಲ ತಿರುವಿನಲ್ಲಿ ಹಿಂದೆ ಉಳಿಯುತ್ತದೆ, ಬಾಗಿಲು ಮುಚ್ಚಿದ ಮೇಲೆ ಸ್ಟಾಫಿಗೆ ಸಿಗುವ ಹೊತ್ತಿನಲ್ಲಿ ಅದನ್ನೆಲ್ಲ ತನ್ನ ಕಾಲಿನಲ್ಲಿ ಮಾಡಿ ನೋಡಿದ್ದಾಳೆ, ಅವಳು ಇಳಿಯಬಲ್ಲಳು, ಅದರಲ್ಲಿ ಅವಳಿಗೆ ಅನುಮಾನವಿಲ್ಲ, ಇಳಿಯಬಲ್ಲಳು, ಆದರೆ ಇದರಲ್ಲಿ ಅಲ್ಲ.

ಮೂಲೆಯಲ್ಲಿ ಒರಗಿಸಿಟ್ಟ ಹಸಿರು ಜೋಡಿ, ಯಾರೋ ಮಾರಲು ಬಿಟ್ಟು ಹೋದದ್ದು. ಬಂದ ಕೂಡಲೇ ಅವಳ ಕಣ್ಣು ಹೋದದ್ದು ಅಲ್ಲಿಗೆ, ಲಿಡ್ವಿನ್ ಅಣ್ಣ ಚಾ ತರಲು ಹೋದಾಗ ಎತ್ತಿ ನೋಡಿದ್ದಳು, ನಿಲ್ಲಿಸಿದರೆ ಮೂಗಿನ ಮಟ್ಟಕ್ಕೆ ಬರುತ್ತದೆ, ಕಪ್ಪಿನದು ತಲೆಗಿಂತ ಮೇಲೆ, ನಡುವಿಗೆ ಹಿಡಿದು ಮಣಿಕಟ್ಟು ತಿರುಗಿಸಿದರೆ ಬಾಗಿಲ ಚಿಲಕದ ಹಾಗೆ ತಿರುಗುತ್ತದೆ, ಒಳಗೆ ಲೋಹವಿಲ್ಲ, ಹಗುರ ಮರದ ತಿರುಳು, ಮುಂದಿನ ತುದಿ ಮೇಲಕ್ಕೆ ಬಾಗಿದೆ, ಮೆತ್ತನೆ ಹಿಮದಲ್ಲಿ ಮುಳುಗದ ಹಾಗೆ, ಬಾಲವೂ ತುಸು ಎತ್ತಿದೆ, ಸಿಕ್ಕಿಕೊಂಡರೆ ಜಾರಿಸಿ ಬಿಡಿಸಿಕೊಳ್ಳಬಹುದು. ಮೊದಲು ಅವಳು ಯೋಚಿಸಿದ್ದು ಇನ್ನೂ ಸಪೂರದ್ದು, ಮಾಲ್‌ನಲ್ಲಿ ಹಾಕುವಂಥದ್ದು, ಹಾಗೆ ಮಾಡಬೇಡ, ಸಪೂರ ಆದ್ರೆ ಹೊಸ ಹಿಮದಲ್ಲಿ ಹೂತು ಹೋಗ್ತಿ ಅಂದವನು ಲಿಡ್ವಿನ್ ಅಣ್ಣನೇ, ಅದು ಸರಿ, ಅದನ್ನು ಅವಳು ಒಪ್ಪಿದಳು, ಈ ಹಸಿರಿಗೆ ಪಾದದಡಿಯಲ್ಲಿ ಬೇಕಾದಷ್ಟು ಅಗಲ ಉಂಟು. ಬರ್ ದುಬೈಯ ಕೋಣೆಯಲ್ಲಿ ಜೊತೆಗಿರುವ ವಸಂತಿ ಅಕ್ಕ ನಗುತ್ತಾಳೆ, ಮರದ ಎಡೆಯಲ್ಲಿ ಜಾರ್ಲಿಕ್ಕೆ ವಿಮಾನ ಹತ್ತಿ ಹೋಗ್ಬೇಕಾ ನಿಂಗೆ, ಊರಲ್ಲಿ ಮರ ಇರ್ಲಿಲ್ವಾ? ಇತ್ತು ಅಕ್ಕ. ಎರ್ಮಾಳಿನ ಕಡಲ ಬದಿಯಲ್ಲಿ ಗಾಳಿಮರದ ತೋಪು, ಸಾಲಿಲ್ಲ ಲೆಕ್ಕವಿಲ್ಲ, ಒಂದರ ಪಕ್ಕ ಒಂದು, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ದೋಣಿಯಿಂದ ಮೀನು ತುಂಬಿಸಿ ಸೈಕಲಿನಲ್ಲಿ ಆ ತೋಪು ಹಾದು ಮಾರ್ಗಕ್ಕೆ, ಅಲ್ಲಿ ಅಮ್ಮ ಬುಟ್ಟಿ ಹಿಡಿದು ಕಾಯುತ್ತಿದ್ದಳು, ಬೇರೆಯವರು ಸುತ್ತು ಬಳಸಿ ಬರುವಷ್ಟರಲ್ಲಿ ಇವಳ ಬಂಗುಡೆ ಮಾರಿ ಮುಗಿದಿರುತ್ತಿತ್ತು. ಮಾವನ ಮಗಳ ಪುಟ್ಟ ಲೇಡೀಸ್ ಸೈಕಲು, ತಿರುಗು ಅಂದುಕೊಳ್ಳುವ ಮೊದಲೇ ತಿರುಗುತ್ತಿತ್ತು, ಮರ ನೋಡುತ್ತಿರಲಿಲ್ಲ ಅವಳು, ಎರಡು ಮರದ ನಡುವಿನ ಬಿಳಿ ಹೊಯಿಗೆ, ಕಡಲ ಮರಳು, ಅದೊಂದೇ, ಅದು ದಾಟಿದರೆ ಮುಂದಿನ ಬಿಳಿ, ಅದರ ಮುಂದಿನದು. ಆಮೇಲೆ ಅಪ್ಪ ತನ್ನ ದೊಡ್ಡ ಸೈಕಲು ಕೊಟ್ಟದ್ದು, ಪ್ರೀತಿಯಿಂದಲೇ, ಇದು ಗಟ್ಟಿ ಮಗಾ, ಇದ್ರಲ್ಲಿ ಹೋಗು, ಅವಳು ಅಂದದ್ದು ಅದೇ, ಆವು, ಮಾರ್ಗದಲ್ಲಿ ಅದು ಗಾಳಿಯ ಹಾಗೆ ಓಡಿತು, ತೋಪಿನಲ್ಲಿ ಅವಳು ಸಂದನ್ನೇ ನೋಡಿದಳು, ಸೈಕಲು ಮಾತ್ರ ಮರವನ್ನೇ ನೋಡಿತು. ಹುಬ್ಬಿನ ಮೇಲೆ ಕೂದಲು ಬಾರದ ಗೆರೆ ಈಗಲೂ ಇದೆ, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ, ಈಗಲೂ ಹೋಗಿದೆ.

ಡ್ರಿಲ್ಲು ಗುಂಯ್ ಅಂದಿತು, ಇನ್ನೂ ಗಾಳಿಯಲ್ಲೇ, ಲಿಡ್ವಿನ್ ಅಣ್ಣ ಪರೀಕ್ಷೆಗೆ ಒತ್ತಿದ್ದು, ಈಗ ಬಗ್ಗುತ್ತಿದ್ದಾನೆ, ಪೆನ್ಸಿಲ್ ಗುರುತಿನ ಮೇಲೆ ತುದಿ ಇಡುತ್ತಿದ್ದಾನೆ, ಎಷ್ಟು ಜೋಪಾನ, ತನ್ನದನ್ನು ಕೊಡುವವನ ಜೋಪಾನ, ಇವನಿಗೆ ಹೇಗೆ ಹೇಳುವುದು, ಹೇಳುವುದು, ಅಷ್ಟೇ, ಕಾಲಿಗೆ ಮಂಡಿಯೂರಿ ಅಭ್ಯಾಸವಾಗಿದ್ದರೆ ನಾಲಿಗೆಯೂ ಮಂಡಿಯೂರಬೇಕೆಂದಿಲ್ಲ — ಬೊಡ್ಚಿ. ಅವಳ ಸ್ವರವೇ, ಡ್ರಿಲ್ಲಿಗಿಂತ ಜೋರಾಗಿ, ಬೊಡ್ಚಿ ಲಿಡ್ವಿನ್ ಅಣ್ಣ, ಬೇಡ, ಈ ಮಾತಿಗೆ ಒಂದೇ ಅರ್ಥ. ಡ್ರಿಲ್ಲು ನಿಂತಿತು. ಹೊರಗಿನ ಸುತ್ತಿಗೆಯೂ ನಿಂತ ಹಾಗೆ. ಅವನು ಕನ್ನಡಕದ ಮೇಲಿನಿಂದ ನೋಡಿದ, ಮತ್ತೆ ಆವು ಅಂದದ್ದು ಯಾರು, ನನ್ನ ಅಜ್ಜಿಯಾ? ನಾನೇ, ಅದು ನಿಮ್ಮ ಮಾತು ಕೇಳಿತು ಅಂತ ಅಂದದ್ದು, ನಿಮ್ಮ ಸ್ಕೀ ಒಳ್ಳೇದೇ, ಬಯಲಿಗೆ ಒಳ್ಳೇದು, ಮರದ ಎಡೆಯಲ್ಲಿ ಅದು ಹೇಳಿದ ಹಾಗೆ ನಾನು ಹೋಗ್ಬೇಕಾಗ್ತದೆ, ನಂಗೆ ಆ ಹಸಿರು. ಇಷ್ಟು ಉದ್ದದ ಮಾತು ಅವಳು ಇಲ್ಲಿ ಎಂದೂ ಆಡಿಲ್ಲ, ಮುಖ ಬಿಸಿಯಾಗಿದೆ, ಇರಲಿ. ಅವನು ಕಪ್ಪು ಸ್ಕೀಯ ಬೆನ್ನು ಒಮ್ಮೆ ಸವರಿದ, ವೈಸು ಸಡಿಲಿಸಿದ, ಮೂರು ವರ್ಷದಲ್ಲಿ ನಿನ್ನ ಬಾಯಿಂದ ಒಂದು ಬೊಡ್ಚಿ ಹೊರಟಿತಲ್ಲ ಮಾರಾಯ್ತಿ, ಮಕ್ಕಳಿಗೆ ಕಲಿಸುವಾಗ ಬೇಕಾಗ್ತದೆ ಅದು, ತಾ ಇಲ್ಲಿ ನಿನ್ನ ಹಸಿರು. ಅವಳು ತಂದಳು, ಎರಡನ್ನೂ ಒಂದೇ ಕೈಯಲ್ಲಿ. ಈಗ ಅದರ ಮೇಲೆ ಅವಳ ಬೂಟು, ಹೊಸ ಗುರುತು, ಡ್ರಿಲ್ಲು ಇಳಿಯುತ್ತಿದೆ, ಮರದ ಪುಡಿ ಸುರುಳಿಯಾಗಿ ಮೇಲೇಳುತ್ತಿದೆ, ಬಿಳಿ, ಹಸಿ ಮರದ ವಾಸನೆ, ಗಾಳಿಮರದ್ದೋ, ಬಕುರಿಯಾನಿಯದ್ದೋ, ಮಂಡಿ ತಾನಾಗಿ ಬಾಗಿದೆ, ಕಣ್ಣು ಮುಂದೆ, ಎಡಕ್ಕೊಂದು ಮರ, ಬಲಕ್ಕೊಂದು ಮರ, ಅವೆರಡರ ಮುಖ ಕಾಣುವುದಿಲ್ಲ, ಕಾಣುವುದು ನಡುವೆ ಒಂದು ಬಿಳಿ ಸಂದು —