ಒಬೆಡ್ ಪ್ರೂಯಿಟ್‌ನ ಮಾತು

ಒಬೆಡ್ ಪ್ರೂಯಿಟ್‌ಗೆ ಬ್ಯಾಟು ಬೀಸಲು ಬರುತ್ತಿರಲಿಲ್ಲ. ಓಟವಂತೂ ದೇವರಿಗೇ ಪ್ರೀತಿ. ಆದರೂ ಒಹಾಯೊ ನದಿಯ ದಂಡೆಯ ಆ ಊರಿನ ಕ್ಲಬ್ಬು ಬೇಸ್‌ಬಾಲ್ ಆಡಲೆಂದು ಅವನಿಗೆ ಸಂಬಳ ಕೊಡುತ್ತಿತ್ತು. ಸಂಬಳಕ್ಕೆ ಆಡುವವರನ್ನು ಕಂಡರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಕಾಲ ಅದು. ಒಬೆಡ್ ಎದುರಾದರೆ ಮಾತ್ರ ಪಾದ್ರಿಯೂ ಟೋಪಿ ಎತ್ತುತ್ತಿದ್ದ. ಏಕೆಂದರೆ ಒಬೆಡ್ ಸುಳ್ಳು ಹೇಳುವವನಲ್ಲ.

ಈ ಹೆಸರು ಬಂದದ್ದು ಅವನು ಪೀಪಾಯಿ ಕಾರ್ಖಾನೆಯ ಹುಡುಗರ ಜೊತೆ ಆಡುತ್ತಿದ್ದಾಗ. ಆಗೆಲ್ಲ ಅಂಪೈರ್ ಎಂದರೆ ಊರಿನ ಯಾರೋ ದೊಡ್ಡ ಮನುಷ್ಯ, ಇಡೀ ಮೈದಾನಕ್ಕೆ ಒಬ್ಬನೇ. ತನ್ನ ಕಣ್ಣಿಗೆ ಕಾಣದ್ದನ್ನು ಅವನು ಆಟಗಾರನನ್ನೇ ಕೇಳುವುದು ವಾಡಿಕೆ. ಚೆಂಡು ಹಿಡಿದೆಯೇನಪ್ಪಾ ಎಂದರೆ ಯಾವನು ಇಲ್ಲವೆಂದಾನು? ಒಬೆಡ್ ಅಂದ. ನೆಲಕ್ಕೆ ತಗುಲಿತು ಸ್ವಾಮಿ ಎಂದು ಹೇಳಿ ಗೆಲ್ಲುವ ಆಟವನ್ನು ಸೋತು, ಗೆಳೆಯರಿಂದ ಉಗಿಸಿಕೊಂಡ. ಪತ್ರಿಕೆಯವರು ಮಾತ್ರ ಹಾಡಿ ಹೊಗಳಿದರು. ಅದನ್ನು ಓದಿಯೇ ಕ್ಲಬ್ಬಿನ ನಾಯಕ ಮಲ್ಲೋಯ್ ಅವನನ್ನು ಕರೆಸಿಕೊಂಡದ್ದು.

ಅದನ್ನು ಓದಿಯೇ ಹೆಟ್ಟಿಯೂ ಅವನನ್ನು ಮದುವೆಯಾದಳು. ಅವಳು ಕುದುರೆ ದಲ್ಲಾಳಿಯ ಮಗಳು. ಕುಂಟು ಕುದುರೆಯನ್ನು ಗಾಳಿಯ ಹಾಗೆ ಓಡುತ್ತದೆಂದು ಮಾರುವ ಅಪ್ಪನ ಬಾಯಿ ಕೇಳಿ ಕೇಳಿ ರೋಸಿಹೋಗಿದ್ದಳು. ಗಂಡ ನಿಜ ಹೇಳುವವನಾದರೆ ಬಡತನ ಬಂದರೂ ಸೈ ಎನ್ನುತ್ತಿದ್ದಳು. ಒಬೆಡ್‌ಗೆ ಸಂಬಳ ಹೋದರೂ ನಡೆಯುತ್ತಿತ್ತು. ಹೆಟ್ಟಿಯ ನಂಬಿಕೆ ಹೋದರೆ ಅವನ ಬಳಿ ಮತ್ತೇನೂ ಉಳಿಯುತ್ತಿರಲಿಲ್ಲ.

ಆ ವರ್ಷದ ಕಡೆಯ ಪಂದ್ಯ, ಗೆದ್ದವರಿಗೇ ಪಟ್ಟ. ಆಟಕ್ಕೆ ಮುಂಚೆ ಮಲ್ಲೋಯ್ ಅವನನ್ನು ಪಕ್ಕಕ್ಕೆ ಕರೆದ.

"ನೋಡು ಪ್ರೂಯಿಟ್, ಆಡೋಕೆ ನನ್ ಹತ್ರ ಎಂಟು ಜನ ಇದಾರೆ. ನಿನ್ನ ಸಾಕಿರೋದು ನಿನ್ ಬ್ಯಾಟಿಗಲ್ಲ, ಬಾಯಿಗೆ. ನೀನು ಏನಂದ್ರೂ ಊರು ನಂಬುತ್ತೆ. ಇವತ್ತು ಬೇಕಾದ್ರೆ ಅದನ್ನ ಒಂದ್ಸಲ ಖರ್ಚು ಮಾಡು."

ಒಬೆಡ್ ಏನೇ ಆಗಲಿ ಸುಳ್ಳು ಹೇಳೆನೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಮೈದಾನಕ್ಕಿಳಿದ.

ಎದುರಾಳಿಗಳ ಕೊನೆಯ ಹೊಡೆತ ಅವನತ್ತಲೇ ಬಂತು. ಮೈದಾನದ ಅಂಚಿನಲ್ಲಿ ಸಾರೋಟುಗಳು ನಿಂತಿದ್ದವು. ಒಬೆಡ್ ಹಿಂದೆ ಹಿಂದೆ ಓಡಿ, ಎರಡು ಸಾರೋಟುಗಳ ನಡುವೆ ಬಿದ್ದು, ಬರಿಗೈಯಲ್ಲಿ ಚೆಂಡನ್ನು ಹಿಡಿದ. ಕಿರುಬೆರಳು ಲಟಕ್ಕೆಂದಿತು. ಹುಟ್ಟಿದಾರಭ್ಯ ಅಂಥ ಕ್ಯಾಚನ್ನು ಅವನು ಹಿಡಿದಿರಲಿಲ್ಲ, ಮತ್ತು ಅದನ್ನು ನೋಡಿದ್ದು ಒಂದು ಕುದುರೆ ಮಾತ್ರ.

ಅಂಪೈರ್ ಅಲ್ಲಿಯವರೆಗೂ ನಡೆದು ಬಂದು ಕೇಳಿದ. ಹಿಡಿದೆ ಎಂದ ಒಬೆಡ್. ಎದುರು ಪಾಳೆಯದ ನಾಯಕ, ಪ್ರೂಯಿಟ್ ಹೇಳಿದ ಮೇಲೆ ಮುಗಿಯಿತು ಎಂದು ತಾನೇ ಕೈಕುಲುಕಿದ. ಮಲ್ಲೋಯ್ ಓಡಿಬಂದು ಅವನನ್ನು ತಬ್ಬಿಕೊಂಡ.

"ಕೊನೆಗೂ ದಾರಿಗೆ ಬಂದೆಯಲ್ಲೋ ಕಳ್ಳ" ಎಂದು ಕಿವಿಯಲ್ಲಿ ಪಿಸುಗುಟ್ಟಿದ.

ನಿಜವಾಗಿಯೂ ಹಿಡಿದೆ ಎಂದು ಒಬೆಡ್ ಆಣೆ ಮಾಡಿದ. ಬಿಯರು ಕುಡಿಯುತ್ತಿದ್ದ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುರಿದ ಬೆರಳು ತೋರಿಸಿದ. ಸುಳ್ಳಿಗೆ ಬೆರಳನ್ನೂ ಕೊಟ್ಟನಲ್ಲ, ಭಲೇ ಎಂದರು. ಎಷ್ಟೋ ವರ್ಷ ನಿಜ ಹೇಳಿದಾಗ ಹತ್ತಿರ ಸೇರಿಸದವರು ಆ ಸಂಜೆ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಮನೆಯಲ್ಲಿ ಹೆಟ್ಟಿ ಬೆರಳಿಗೆ ಬಟ್ಟೆ ಸುತ್ತಿದಳು. ಅವನ ಮುಖ ನೋಡಲಿಲ್ಲ.

"ಹೋಗ್ಲಿ ಬಿಡಿ. ನಮ್ಮ ಅನ್ನಕ್ಕೋಸ್ಕರ ಹೇಳಿದ್ರಿ. ನಾನೇನೂ ಅನ್ನಲ್ಲ."

"ಹಿಡಿದೆ ಕಣೇ."

"ಹೂಂ" ಎಂದಳು ಹೆಟ್ಟಿ. ಅವಳ ತಾಯಿ ಗಂಡನ ಕುದುರೆ ಕಥೆಗಳಿಗೆಲ್ಲ ಹೀಗೆಯೇ ಹೂಂಗುಟ್ಟುತ್ತಿದ್ದಳು. ಆ ಚಳಿಗಾಲವೆಲ್ಲ ಮನೆಯಲ್ಲಿ ಜಗಳವಿಲ್ಲ, ಪ್ರಶ್ನೆಯಿಲ್ಲ, ಬರೀ ಹೂಂ. ಒಬೆಡ್ ಸೊರಗಿಹೋದ.

ವಸಂತ ಬಂತು, ಆಟ ಶುರುವಾಯಿತು. ಮೊದಲ ಪಂದ್ಯದಲ್ಲೇ ಚೆಂಡೊಂದು ತಗ್ಗಾಗಿ ಬಂತು, ಒಬೆಡ್ ಬಗ್ಗಿ ಹುಲ್ಲಿಗೆ ಒಂದು ಗೇಣು ಮೇಲೆಯೇ ಅದನ್ನು ಹಿಡಿದ. ಎಲ್ಲರಿಗೂ ಕಂಡದ್ದು ಅವನ ಬೆನ್ನು. ಅಂಪೈರ್ ಕೂಗಿ ಕೇಳಿದ. ಹೆಂಗಸರ ಸಾಲಿನಲ್ಲಿ ಹೆಟ್ಟಿ ಆಗಲೇ ತಲೆ ತಗ್ಗಿಸಿ ತನ್ನ ಮಡಿಲು ನೋಡುತ್ತಿದ್ದಳು. ಅವನು ಏನು ಹೇಳುವನೆಂದು ಅವಳಿಗೆ ಗೊತ್ತಿತ್ತು.

"ಇಲ್ಲ ಸ್ವಾಮಿ, ನೆಲಕ್ಕೆ ತಗುಲಿತು" ಎಂದ ಒಬೆಡ್.

ಅವನ ಜನ್ಮದಲ್ಲಿ ಅದೇ ಮೊದಲ ಸುಳ್ಳು. ಎದುರಾಳಿಗಳು ಓಡಿ ಗೆದ್ದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಮಲ್ಲೋಯ್ ಕೂಡ ಬೈಯಲಿಲ್ಲ, ಘಾಟಿ ಮನುಷ್ಯ, ಈಗಲೇ ಬಿತ್ತುತ್ತಿದ್ದಾನೆ, ಫಸಲು ಆಮೇಲೆ ಬರುತ್ತದೆ ಎಂದು ಉಳಿದವರಿಗೆ ಸಮಾಧಾನ ಹೇಳಿದ.

ಮೈದಾನದ ಬಾಗಿಲ ಬಳಿ ಹೆಟ್ಟಿ ಕಾಯುತ್ತಿದ್ದಳು. ಎಲ್ಲರೆದುರೇ ಅವನ ಎರಡೂ ಕೈ ಹಿಡಿದುಕೊಂಡಳು, ಕಣ್ಣಲ್ಲಿ ನೀರು.

"ನಂದೇ ತಪ್ಪು. ಇವತ್ತು ಇಷ್ಟು ದೊಡ್ಡ ನಿಜ ಹೇಳಿದವರು ಹೋದ ವರ್ಷ ಯಾಕೆ ಸುಳ್ಳು ಹೇಳ್ತೀರಿ? ಹಿಡಿದಿದ್ರಿ ಅಲ್ವಾ? ನಿಜವಾಗ್ಲೂ ಹಿಡಿದಿದ್ರಿ. ನಾನು ಪಾಪಿ, ನಂಬಲಿಲ್ಲ."

ಒಬೆಡ್ ಬಾಯಿ ತೆರೆದ. ಇವತ್ತಿನದನ್ನು ಒಪ್ಪಿಕೊಂಡರೆ ಹೋದ ವರ್ಷದ ಕ್ಯಾಚು ಮತ್ತೆ ಕೈಜಾರುತ್ತದೆ.

"ನಡಿ, ಊಟಕ್ಕೆ ಹೊತ್ತಾಯ್ತು" ಎಂದ.