ಏನೂ ಆಗದ ಊರು

ಗಡಿಯಲ್ಲಿ ಯುದ್ಧ ಶುರುವಾದ ದಿನ ಬಿಂದುಶ್ರೀ ಕೆಂಪಾಪುರದ ಮನೆಯಲ್ಲಿ ತಂಗಿ ಧನುಶ್ರೀಯ ಸೀಮಂತಕ್ಕೆ ಹೂ ಕಟ್ಟುತ್ತ ಕೂತಿದ್ದಳು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದ ಅವಳಿಗೆ ಆ ರಜೆ ಸಿಕ್ಕಿದ್ದೇ ಕಷ್ಟದಲ್ಲಿ. ಫೋನ್ ಬಂತು. ಅವಳು ಮಾತಾಡಿದ್ದು ಕಡಿಮೆ, ಕೇಳಿಸಿಕೊಂಡದ್ದೇ ಹೆಚ್ಚು. ಹೂವಿನ ದಾರವನ್ನು ತಾಯಿ ರಾಮಲಕ್ಷ್ಮಮ್ಮನ ಕೈಗೆ ಕೊಟ್ಟು ಎದ್ದಳು.

"ಒಂದ್ ತುತ್ತು ತಿಂದ್ಕೊಂಡಾದ್ರೂ ಹೋಗೇ," ಎಂದರು ರಾಮಲಕ್ಷ್ಮಮ್ಮ.

"ಆಗಲ್ಲಮ್ಮ. ಯಲಹಂಕದಿಂದ ವಿಮಾನ ಹೊರಡ್ತಿದ್ಯಂತೆ, ಈಗ್ಲೇ ಬಾ ಅಂತಿದಾರೆ."

ರಾಮಲಕ್ಷ್ಮಮ್ಮನ ಅತ್ತೆ ಮಾವ ಹೆಬ್ಬಾಳ ಕೆರೆಯ ಅಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಕಾಲದಿಂದಲೂ ತಲೆಯ ಮೇಲೆ ಹಾರುವ ಸೇನಾ ವಿಮಾನಗಳ ಸದ್ದು ಆ ಮನೆಯವರಿಗೆ ಹೊಸದಲ್ಲ. ಆದರೆ ಆ ಸಂಜೆ ಒಂದು ವಿಮಾನ ಮನೆಯ ಮೇಲೆ ಹಾದುಹೋದಾಗ, ಅದು ಯಾವುದೋ ಏನೋ, ಅವರು ಅಂಗಳಕ್ಕೆ ಬಂದು ಅದು ಮರೆಯಾಗುವವರೆಗೂ ನಿಂತೇ ಇದ್ದರು.

ಬಿಂದುಶ್ರೀ ವಿಮಾನ ಹಾರಿಸುವವಳಲ್ಲ. ನೆಲದಡಿಯ ಕೋಣೆಯೊಂದರಲ್ಲಿ ರಾಡಾರ್ ಪರದೆಯ ಮುಂದೆ ಕೂತು, ಶತ್ರು ಎಲ್ಲಿದ್ದಾನೆ, ಎಷ್ಟು ದೂರ, ಯಾವ ಕಡೆ ತಿರುಗಬೇಕು ಎಂದು ನಮ್ಮ ಪೈಲಟ್‌ಗಳಿಗೆ ಹೇಳುವುದು ಅವಳ ಕೆಲಸ. ಪೈಲಟ್‌ಗೆ ತನ್ನ ಮುಂದಿನ ಆಕಾಶವಷ್ಟೇ ಕಾಣುತ್ತದೆ. ಇಡೀ ಆಕಾಶ ಕಾಣುವುದು ಅವಳಿಗೆ. ಹಾಗಾಗಿ ಮೇಲಿದ್ದವರು ಅವಳ ಮುಖ ನೋಡದೆಯೂ ಅವಳ ದನಿಯನ್ನು ನಂಬಿ ಹಾರುತ್ತಿದ್ದರು.

ಹಾಗೆ ನಂಬಿದವರಲ್ಲಿ ಮಣಿಕಂಠನೂ ಒಬ್ಬ. ಅವನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ರೇಡಿಯೊದಲ್ಲಿ ಎಲ್ಲರೂ ಆಡುವುದು ಇಂಗ್ಲಿಷು. ಅಭ್ಯಾಸದ ಹಾರಾಟವೊಂದು ಮುಗಿದಾಗ ಅವನು ಬಾಯ್ತಪ್ಪಿ "ಸರಿ, ಬರ್ತೀನಿ" ಅಂದಿದ್ದ. ಆಮೇಲೆ ವಿಚಾರಿಸಿದಾಗ ಯಲಹಂಕ ಹಳೇ ಊರಿನ ಹುಡುಗ ಎಂದು ಗೊತ್ತಾಯಿತು. ಒಂದೇ ರಸ್ತೆಯ ಈ ತುದಿ, ಆ ತುದಿ. ಅಷ್ಟೇ ಅವರ ಪರಿಚಯ.

ಯುದ್ಧದ ಮೂರನೆಯ ಬೆಳಿಗ್ಗೆ ಮಣಿಕಂಠ ಗಡಿಯ ಉದ್ದಕ್ಕೂ ಕಾವಲು ಹಾರುತ್ತಿದ್ದ. ಜೊತೆಗಿದ್ದ ವಿಮಾನದ ಎಂಜಿನ್ ಕೈಕೊಟ್ಟು ಅದು ಆಗಲೇ ಹಿಂದಿರುಗಿತ್ತು. ಅವನ ಪಾಳಿ ಬಿಡಿಸಲು ಬರಬೇಕಿದ್ದ ಜೋಡಿ ವಿಮಾನಗಳು ಇನ್ನೂ ನೆಲದ ಮೇಲೆಯೇ ಇದ್ದವು. ಅವುಗಳ ನೆಲೆಯ ರನ್‌ವೇ ಮೇಲೆ ಡ್ರೋನ್ ಬಿದ್ದು ಗುಂಡಿಯಾಗಿತ್ತು. ಮಣಿಕಂಠನ ಇಂಧನ ವಾಪಸು ಹೋಗಲು ಸಾಕಾಗುವಷ್ಟು ಮಾತ್ರ ಉಳಿದಿತ್ತು. ಹೊರಡು ಎಂದು ಬಿಂದುಶ್ರೀ ಹೇಳಬೇಕು, ಅಷ್ಟರಲ್ಲಿ ಪರದೆಯ ಪಶ್ಚಿಮದ ಅಂಚಿನಲ್ಲಿ ನಾಲ್ಕು ಚುಕ್ಕೆಗಳು ಎದ್ದವು.

ಅವು ನೇರ ಬರುತ್ತಿದ್ದದ್ದು ಗಡಿಯಿಂದ ಸ್ವಲ್ಪ ಒಳಗಿದ್ದ ಒಂದು ಸಣ್ಣ ಊರಿನ ಕಡೆಗೆ. ಊರಿನ ಪಕ್ಕದಲ್ಲೇ ಸೈನ್ಯದ ಇಂಧನ ಡಿಪೊ, ರೈಲು ನಿಲ್ದಾಣ. ಗಡಿಯಾಚೆ ಶತ್ರುವಿನ ಟ್ಯಾಂಕುಗಳು ಎರಡು ದಿನದಿಂದ ಸಾಲುಗಟ್ಟಿ ನಿಂತಿದ್ದವು. ಡಿಪೊ ಹೊತ್ತಿ ಉರಿದರೆ ಅವುಗಳನ್ನು ತಡೆಯಬೇಕಾದ ನಮ್ಮ ಪಡೆ ಇದ್ದಲ್ಲೇ ನಿಂತುಬಿಡುತ್ತಿತ್ತು. ಡಿಪೊಗೆ ಬಿದ್ದ ಬೆಂಕಿ ಊರನ್ನು ಬಿಡುವಂಥದ್ದೂ ಅಲ್ಲ.

ಹಿಂದೆ ನಿಂತಿದ್ದ ಹಿರಿಯ ಅಧಿಕಾರಿ ಪರದೆ ನೋಡಿದರು. ಇಂಧನದ ವಿಷಯದಲ್ಲಿ ಕೊನೆಯ ಮಾತು ಪೈಲಟ್‌ನದ್ದೇ, ನಿಲ್ಲೆಂದು ನಾನು ಆದೇಶ ಕೊಡಲಾರೆ, ನೀನು ಕೇಳಿ ನೋಡು ಎಂದರು.

ಬಿಂದುಶ್ರೀ ಇದ್ದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು: ನಾಲ್ಕು ವಿಮಾನ, ದೂರ, ದಿಕ್ಕು, ಬೇರೆ ಯಾರೂ ಇಲ್ಲ. ಆ ಕಡೆಯಿಂದ ಉಸಿರಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಆಗ ಅವಳ ಬಾಯಿಂದ, ತಾನಾಗಿಯೇ ಎಂಬಂತೆ, ಕನ್ನಡ ಬಂತು.

"ಇನ್ನೊಂದ್ ಸ್ವಲ್ಪ ಹೊತ್ತು ನಿಲ್ತೀರಾ?"

"ನಿಲ್ತೀನಿ," ಎಂದ ಮಣಿಕಂಠ.

ಅವನು ವಿಮಾನವನ್ನು ಆ ನಾಲ್ಕಕ್ಕೂ ಎದುರಾಗಿ ತಿರುಗಿಸಿದ. ಅವು ಗಡಿಯ ತನಕ ಬಂದವು. ಅಲ್ಲಿ ಚದುರಿದವು, ಮತ್ತೆ ಕೂಡಿದವು, ಗಡಿಯ ಗುಂಟ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹಾರಿದವು. ಅವು ಎಲ್ಲಿ ಹೋದರೆ ಅಲ್ಲಿ ಮಣಿಕಂಠನೂ ಇದ್ದ. ಬಿಂದುಶ್ರೀ ದಿಕ್ಕು, ದೂರ ಹೇಳುತ್ತಲೇ ಇದ್ದಳು. ಕೊನೆಗೆ ನಾಲ್ಕೂ ಚುಕ್ಕೆಗಳು ಬಂದ ದಾರಿ ಹಿಡಿದು ಹೊರಟುಹೋದವು. ಯಾರೂ ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಮಣಿಕಂಠನ ವಿಮಾನ ನೆಲೆ ಮುಟ್ಟಲಿಲ್ಲ. ದಾರಿಯಲ್ಲೇ ಇಂಧನ ಬರಿದಾಗಿ, ಅವನು ಮರಳಿನ ಮೇಲೆ ಪ್ಯಾರಾಚೂಟ್‌ನಲ್ಲಿ ಇಳಿದ. ಕುರ್ಚಿಸಮೇತ ಅವನನ್ನು ವಿಮಾನದಿಂದ ಹೊರಗೆ ಚಿಮ್ಮಿಸಿದ ಹೊಡೆತಕ್ಕೆ ಬೆನ್ನುಮೂಳೆ ಮುರಿದಿತ್ತು. ಹೆಲಿಕಾಪ್ಟರ್ ಅವನನ್ನು ಹುಡುಕಿ ತಂದಿತು. ಮರುದಿನದ ಪತ್ರಿಕೆಗಳಲ್ಲಿ, ಒಂದು ವಿಮಾನ ಅಪಘಾತಕ್ಕೀಡಾಯಿತು, ಪೈಲಟ್ ಬದುಕಿದ್ದಾನೆ ಎಂದಷ್ಟೇ ಬಂತು. ಆ ವಾರದಲ್ಲೇ ಯುದ್ಧ ನಿಂತಿತು.

ಶ್ರಾವಣದಲ್ಲಿ ಬಿಂದುಶ್ರೀಗೆ ಮತ್ತೆ ರಜೆ ಸಿಕ್ಕಿತು. ಧನುಶ್ರೀಗೆ ಗಂಡು ಮಗುವಾಗಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎತ್ತಲೋ ನೋಡುತ್ತಿದ್ದ ಮಗಳಿಗೆ ರಾಮಲಕ್ಷ್ಮಮ್ಮ ಹೇಳಿದರು, "ಆ ಪೈಲಟ್ ಹುಡುಗನ್ನ ಹೋಗಿ ನೋಡ್ಕೊಂಡ್ ಬಾ. ಇಲ್ಲೇ ಯಲಹಂಕ. ಹೋಗ್ದೆ ನಿಂಗೆ ಸಮಾಧಾನ ಆಗಲ್ಲ."

ಮನೆ ಹಳೇ ಊರಿನ ಓಣಿಯೊಂದರಲ್ಲಿತ್ತು. ಬಾಗಿಲು ತೆಗೆದದ್ದು ಮಣಿಕಂಠನ ತಾಯಿ ಸುಬ್ಬಲಕ್ಷ್ಮಮ್ಮ. ಹೆಸರು ಹೇಳುತ್ತಲೇ ಅವರಿಗೆ ಗೊತ್ತಾಯಿತು. ಒಳಗೆ ಬಾ ಎಂದರು, ಮುಖ ಮಾತ್ರ ಸಡಿಲಾಗಲಿಲ್ಲ.

ಮಣಿಕಂಠ ನಡುವಿಗೆ ಗಟ್ಟಿ ಪಟ್ಟಿ ಬಿಗಿದುಕೊಂಡು, ಕೋಲು ಊರಿ ಎದ್ದು ನಿಂತ. ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕ ಆಳು. "ಕೂತ್ಕೊಳ್ಳಿ ಮೇಡಂ. ನಿಮ್ ದನಿ ಕೇಳಿದ್ರೇನೇ ಗುರುತು ಸಿಗೋದು," ಎಂದ. ನಡೆಯಬಹುದು, ಯುದ್ಧವಿಮಾನ ಮಾತ್ರ ಇನ್ನು ಹತ್ತುವಂತಿಲ್ಲ ಎಂದು ವೈದ್ಯರು ಹೇಳಿದ್ದರಂತೆ. ಅದನ್ನು ಅವನು ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ.

ಸುಬ್ಬಲಕ್ಷ್ಮಮ್ಮ ಕಾಫಿ ತಂದಿಟ್ಟು ಎದುರಿಗೆ ನೆಲದ ಮೇಲೆ ಕೂತರು.

"ಕನ್ನಡದಾಗೆ ಕೇಳ್ದಂತೆ ನೀನು," ಎಂದರು.

"ಹೌದಮ್ಮ."

"ಇಂಗ್ಲಿಷ್‌ನಾಗೆ ಕೇಳಿದ್ರೆ ಇವ್ನು ಇಲ್ಲ ಅಂತಿದ್ನೇನೋ. ಮನೆಯವ್ರು ಕೇಳ್ದಂಗೆ ಕೇಳ್ಬುಟ್ರೆ ಎಂಗವ್ವ ಇಲ್ಲ ಅಂತಾನೆ?"

ಅಷ್ಟು ದಿನವೂ ಬಿಂದುಶ್ರೀಯನ್ನು ಮಲಗಲು ಬಿಡದಿದ್ದದ್ದು ಅದೇ ಮಾತು. ಬೇಕೆಂದು ಕೇಳಿದ್ದಲ್ಲ, ಬೇಡವೆಂದೂ ತಡೆದುಕೊಂಡಿರಲಿಲ್ಲ.

"ಅಮ್ಮ, ಸುಮ್ನಿರು," ಎಂದ ಮಣಿಕಂಠ. "ಇಂಧನದ ಮುಳ್ಳು ಇದ್ದಿದ್ದು ನನ್ನ ಕಣ್ಣ್ ಮುಂದೆ, ಇವ್ರ ಮುಂದೆ ಅಲ್ಲ. ನಿಂತಿದ್ದು ನಾನು."

"ನೀನಿರು. ನಾನು ಈಯಮ್ಮನ್ನ ಕೇಳ್ತಿವ್ನಿ." ಸುಬ್ಬಲಕ್ಷ್ಮಮ್ಮ ತಿರುಗಿದರು. "ಅವ್ರು ಬಾಂಬ್ ಆಕ್ಲಿಲ್ಲ, ಇವ್ನೂ ಒಡೀಲಿಲ್ಲ. ಏನೂ ಆಗ್ಲೇ ಇಲ್ಲ. ಅಂಗಾದ್ರೆ ನನ್ ಮಗ ನಿಂತಿದ್ದು ಯಾತಕ್ಕೆ?"

"ಏನೂ ಆಗ್ಬಾರ್ದು ಅಂತಾನೇ ಅಮ್ಮ. ಇವ್ರು ನಿಂತಿದ್ದಕ್ಕೇ ಅವ್ರು ತಿರುಗಿ ಹೋದ್ರು ಅಂತ ನಾನು ನಂಬಿದೀನಿ. ಆದ್ರೆ ಖಂಡಿತ ಹಂಗೇ ಅಂತ ಹೇಳೋಕಾಗಲ್ಲ. ಯಾರೂ ಇಲ್ದೆ ಇದ್ರೂ ತಿರುಗಿ ಹೋಗ್ತಿದ್ರೋ ಏನೋ. ನಂಗೆ ಗೊತ್ತಿಲ್ಲ."

ಹೀಗೆ ಹೇಳಲು ಅವಳು ಬಂದಿರಲಿಲ್ಲ. ಆದರೆ ಆ ತಾಯಿಯ ಕಣ್ಣ ಮುಂದೆ ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಸುಬ್ಬಲಕ್ಷ್ಮಮ್ಮ ಸೆರಗಿನ ಅಂಚು ತೀಡಿದರು. ಆಮೇಲೆ, "ಆ ಊರು ನೋಡಿದ್ಯಾ ನೀನು?" ಎಂದು ಕೇಳಿದರು.

"ನೋಡ್ದೆ. ಯುದ್ಧ ನಿಂತ್ಮೇಲೆ ಬಸ್ ಹತ್ಕೊಂಡು ಹೋಗಿದ್ದೆ."

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಸ್ಸು ಇಳಿದು ಸಂತೆಯ ಬೀದಿಯಲ್ಲಿ ನಡೆದದ್ದನ್ನು ಈಗ ಹೇಳಿದಳು. ಈರುಳ್ಳಿ ರಾಶಿ ಹಾಕಿಕೊಂಡು ಹೆಂಗಸರು ಚೌಕಾಸಿ ಮಾಡುತ್ತಿದ್ದರು. ಕ್ಷೌರದಂಗಡಿಯಲ್ಲಿ ಒಬ್ಬ ಮುದುಕ ಅರ್ಧ ಗಡ್ಡ ಬೋಳಿಸಿಕೊಂಡೇ ಯಾರನ್ನೋ ಬೈಯುತ್ತಿದ್ದ. ಶಾಲೆ ಬಿಟ್ಟು ಹುಡುಗಿಯರು ಗುಂಪಾಗಿ ಬಂದು ಐಸ್‌ಕ್ಯಾಂಡಿ ಗಾಡಿಯನ್ನು ಮುತ್ತಿಕೊಂಡಿದ್ದರು. ತಮ್ಮ ತಲೆಯ ಮೇಲೆ ಆ ಬೆಳಿಗ್ಗೆ ಯಾರು ನಿಂತಿದ್ದ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಹೇಳ್ಬೇಕು ಅನ್ನಿಸ್ತು. ಆದ್ರೆ ಏನಂತ ಹೇಳೋದು? ಒಂದ್ ಲೋಟ ಟೀ ಕುಡ್ದು ವಾಪಸ್ ಬಂದೆ."

ಮಣಿಕಂಠ ಮುಖ ತಿರುಗಿಸಿಕೊಂಡಿದ್ದ. ಆ ಊರನ್ನು ಅವನು ನೋಡಿದ್ದು ಮೇಲಿನಿಂದ, ಒಂದು ಬೂದು ಮಚ್ಚೆಯಂತೆ ಮಾತ್ರ. "ಶಾಲೆ ಇತ್ತಾ ಅಲ್ಲಿ," ಎಂದ, ಪ್ರಶ್ನೆಯೂ ಅಲ್ಲದ ದನಿಯಲ್ಲಿ. ಅಂಗೈಯಿಂದ ಕಣ್ಣೊರೆಸಿಕೊಂಡ. ಆಸ್ಪತ್ರೆ ಸೇರಿದಂದಿನಿಂದ ಅವನು ಅತ್ತದ್ದನ್ನು ತಾಯಿ ನೋಡಿರಲಿಲ್ಲ. ಸುಬ್ಬಲಕ್ಷ್ಮಮ್ಮ ಎದ್ದು ಹೋಗಿ ಕುರ್ಚಿಯಲ್ಲಿದ್ದ ಮಗನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು.

ಊಟಕ್ಕೆ ನಿಲ್ಲಿಸಿಕೊಂಡರು. ಮುದ್ದೆ, ಹುರುಳಿಕಾಳು ಸಾರು. ಉಣ್ಣುತ್ತ ಮಣಿಕಂಠ ಇನ್ನೊಂದು ವಿಷಯ ತೆಗೆದ. ಮೇಲಧಿಕಾರಿಗಳು ಅವನಿಗೆ ಬಿಂದುಶ್ರೀಯ ಕೆಲಸವನ್ನೇ ಕಲಿ ಎನ್ನುತ್ತಿದ್ದರು, ಅವನಿಗೆ ಮನಸ್ಸಿರಲಿಲ್ಲ.

"ಹೆಂಗಿರುತ್ತೆ ಮೇಡಂ, ಆ ಕುರ್ಚಿ?"

"ಕಷ್ಟ," ಎಂದಳು ಅವಳು. "ಹೋಗೋರು ಬೇರೆಯವ್ರು. ನಾವು ಕೂತ್ಕೊಂಡೇ ಇರ್ಬೇಕು."

ಅವನು ಸಾರಿನ ಪಾತ್ರೆಯನ್ನು ಅವಳ ಕಡೆಗೆ ಸರಿಸಿದ.

ಹೊರಡುವಾಗ ಸುಬ್ಬಲಕ್ಷ್ಮಮ್ಮ ಓಣಿಯ ತುದಿಯವರೆಗೂ ಬಂದರು. "ನೀನು ಯೋಳಿದ್ದು ನಂಗೆ ಪೂರ್ತಿ ಒಪ್ಗೆ ಆಗ್ಲಿಲ್ಲ ಕಣವ್ವ," ಎಂದರು. "ಒಪ್ಗೆ ಆಯ್ತದೆ ಅಂತಾನೂ ಅನ್ನಲ್ಲ. ಆದ್ರೆ ಸುಳ್ಳು ಯೋಳ್ಲಿಲ್ಲ ನೀನು. ಮುಂದಿನ್ ಸಲ ಬಂದಾಗ ನಿಮ್ಮವ್ವನ್ನೂ ಕರ್ಕೊಂಡ್ ಬಾ."

ಸಂಕ್ರಾಂತಿ ಕಳೆದ ಮೇಲೆ ಮಣಿಕಂಠ ರಾಡಾರ್ ಪರದೆಯ ಕೆಲಸದ ತರಬೇತಿಗೆ ಸೇರಿದ. ಹೊರಡುವ ಹಿಂದಿನ ದಿನ ತಾಯಿ ಅವನಿಗೆ ಒಂದೇ ಮಾತು ಹೇಳಿದರಂತೆ: ಯಾರನ್ನಾದರೂ ನಿಲ್ಲು ಅಂತ ಕೇಳಬೇಕಾಗಿ ಬಂದರೆ, ಅವನಿಗೂ ಒಬ್ಬಳು ತಾಯಿ ಇದ್ದಾಳೆ ಅಂತ ನೆನಪಿಟ್ಟುಕೊಂಡು ಕೇಳು.